ಎಣ್ಣಿ ಹೊಡೆಯದ ಹತ್ತಿಯ ಬಟ್ಟೆ ಮಾರಿ ಕಲಿತದ್ದು

ವಿಜಯಪುರ ಜಿಲ್ಲೆಯ ಹಲಸಂಗಿ ಅಂದ ಕೂಡಲೆ ಸಾಹಿತ್ಯ ಓದಿದವರಿಗೆ ಮಧುರಚೆನ್ನ, ಸಿಂಪಿ ಲಿಂಗಣ್ಣರಂಥ 'ಹಲಸಂಗಿ ಗೆಳೆಯರು', ಅವರು ಸಂಗ್ರಹಿಸಿದ ಹೆಣ್ಣುಮಕ್ಕಳ ಹಾಡುಗಳ 1931ರ 'ಗರತಿಯ ಹಾಡು' ನೆನಪಾಗುತ್ತವೆ. ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ನೆನಪಾಗುವುದು ಹತ್ತಿರದ ಚಡಚಣ. ಮಹಾರಾಷ್ಟ್ರದ ಗಡಿಯ ಎರಡೂ ಕಡೆಯ ಜನ ಬಸ್ತಾ, ಅಂದರೆ ಮದುವೆಯ ಬಟ್ಟೆ, ತೆಗೆಯಲು ಬರುವ ಬಟ್ಟೆ ಪೇಟೆ ಅದು. ಅಂಥ ಪೇಟೆಯ ಮಗ್ಗುಲಲ್ಲೇ ನಾನು ಸಾವಯವ ಹತ್ತಿಯ ಬಟ್ಟೆ ಮಾರಲು ಹೊರಟೆ. ಅಂಗಿ ಬಟ್ಟೆ, ಟಾವೆಲ್ಲು, ಕುಬಸದ ಬಟ್ಟೆ, ಕೂಸಿನ ಕುಂಚಿಗೆ, ಇಷ್ಟೇ ಸರಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸಂತೆ, ಜಾತ್ರೆ, ಕೃಷಿ ಮೇಳಗಳಲ್ಲಿ ಮೇಜು ಹಾಕಿ ಕೂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಕಳೆದುಕೊಂಡಷ್ಟು ರೊಕ್ಕವಾದರೂ ಉಳಿಯಲಿ.

1. 'ಛಲೋ ಅದರಿ' ಅಂದರೆ ವ್ಯಾಪಾರ ಆಯಿತು ಅಂತಲ್ಲ

ಶುರುವಿಗೆ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಮೇಜಿನ ಹತ್ತಿರ ಬಂದವರನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದೆ: ವಿಷ ಸಿಂಪಡಿಸದ ಹತ್ತಿಯ ಬಟ್ಟೆ ಸಿಕ್ಕರೆ ಕೊಳ್ಳುತ್ತೀರಾ? 'ಯಾಕಿಲ್ರಿ, ಅಂಥಾದ್ದ ಬೇಕಾಗೇದ' ಅನ್ನುವ ಉತ್ತರವೇ ಹೆಚ್ಚು. ಬೆಲೆ ಸ್ವಲ್ಪ ಜಾಸ್ತಿಯಾದರೆ? 'ಆರೋಗ್ಯದ ಮುಂದ ರೊಕ್ಕ ಏನ ದೊಡ್ಡದ್ರಿ?' ಆ ನೋಟ್‌ಬುಕ್ ನಂಬಿ ಥಾನುಗಟ್ಟಲೆ ಬಟ್ಟೆ ತರಿಸಿದೆ. ಅದೇ ಜನ ಮುಂದಿನ ಸಂತೆಗೆ ಬಂದರು, ಬಟ್ಟೆ ಮುಟ್ಟಿ ನೋಡಿದರು, 'ಛಲೋ ಅದ ತಮ್ಮಾ, ಹಿಂದಕ ಬರ್ತೀವಿ' ಎಂದು ಮುಂದಿನ ಅಂಗಡಿಗೆ ಹೋದರು.

ಅವರು ಸುಳ್ಳು ಹೇಳಿರಲಿಲ್ಲ. ಮನೆ ಬಾಗಿಲಿಗೆ ಬಂದವನ ಮಾತನ್ನು ಮುಖದ ಮೇಲೆ ಅಲ್ಲಗಳೆಯದ ಸೌಜನ್ಯ ನಮ್ಮ ಕಡೆ ಇನ್ನೂ ಇದೆ. ಅದನ್ನು ನಾನು ಗಿರಾಕಿಯ ನಿರ್ಧಾರ ಎಂದು ಓದಿಕೊಂಡೆ. ಐಸೆಕ್ ಐಜನ್ ಎಂಬ ಮನೋವಿಜ್ಞಾನಿ 1991ರಲ್ಲಿ ವಿವರವಾಗಿ ಮಂಡಿಸಿದ ಒಂದು ಸಿದ್ಧಾಂತವನ್ನು ಆಮೇಲೆ ಓದಿದೆ. ಒಬ್ಬರು ಒಂದು ಕೆಲಸ ಮಾಡಬೇಕೆಂದುಕೊಳ್ಳಲು ಅದರ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದರೆ ಸಾಲದು; ತನ್ನವರು ಏನನ್ನುತ್ತಾರೆ ಎಂಬುದೂ, ಅದು ತನ್ನ ಕೈಯಲ್ಲಿ ಆಗುವ ಕೆಲಸವೇ ಎಂಬುದೂ ಲೆಕ್ಕಕ್ಕೆ ಬರುತ್ತವೆ. ಓದುತ್ತಿದ್ದಾಗ ನನ್ನ ಸಂತೆಯ ಮೇಜು ಕಣ್ಣ ಮುಂದೆ ಬಂತು. ಬಟ್ಟೆ ಮೆಚ್ಚಿದ ಸೊಸೆ, ಪಕ್ಕದಲ್ಲಿ ನಿಂತ ಅತ್ತೆ, ತೊಗರಿ ರೊಕ್ಕ ಇನ್ನೂ ಕೈಗೆ ಬಂದಿಲ್ಲದ ಯಜಮಾನ, ಮೂವರೂ ಅಲ್ಲಿದ್ದರು. ನಾನು ಮಾತಾಡಿಸಿದ್ದು ಸೊಸೆಯನ್ನು ಮಾತ್ರ.

ಈಗ ಮುಂದೆ ಏನು ಕೊಳ್ಳುತ್ತೀರಿ ಎಂದು ಯಾರನ್ನೂ ಕೇಳುವುದಿಲ್ಲ. ಹೋದ ಸಲ ಟಾವೆಲ್ಲು ಎಲ್ಲಿ ತಗೊಂಡಿರಿ, ಎಷ್ಟು ಕೊಟ್ಟಿರಿ, ಯಾರು ಆರಿಸಿದರು, ಎಷ್ಟು ದಿನ ಬಾಳಿಕೆ ಬಂತು ಎಂದು ಕೇಳುತ್ತೇನೆ. ಆಗಿಹೋದದ್ದನ್ನು ಹೇಳಲು ಯಾರಿಗೂ ಸಂಕೋಚವಿಲ್ಲ. ಆ ಉತ್ತರಗಳ ಮೇಲೆ ಸರಕು ತರಿಸಬಹುದು.

2. ಹತ್ತಿ ಬೆಳೆದವರಿಗೆ ಹತ್ತಿಯ ಪಾಠ ಹೇಳಬೇಡಿ

ಬೆಂಗಳೂರಿನ ಮೇಳವೊಂದರಲ್ಲಿ ಕೇಳಿಸಿಕೊಂಡ ಮಾತನ್ನೇ ನಾನು ಸಿಂದಗಿಯಲ್ಲೂ ಆಡುತ್ತಿದ್ದೆ: ಹತ್ತಿಗೆ ಎಷ್ಟು ಕೀಟನಾಶಕ ಬೀಳುತ್ತದೆ, ಮಣ್ಣು ಹೇಗೆ ಕೆಡುತ್ತದೆ, ಇತ್ಯಾದಿ. ಒಮ್ಮೆ ಹಿರಿಯರೊಬ್ಬರು ಪೂರ್ತಿ ಕೇಳಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, 'ಎಣ್ಣಿ ಹೊಡೀಲಾರದ ಹತ್ತಿ ಕೈಗೆ ಹತ್ತತದೇನು ತಮ್ಮಾ? ನಾ ಬಿಟ್ರ ಗುಲಾಬಿ ಹುಳ ಬಿಡ್ತದೇನು?' ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣಿ, ಅಂದರೆ ಕೀಟನಾಶಕ, ಹೊಡೆದವರು ಅವರು. ಅದರ ವಾಸನೆ, ಕಣ್ಣುರಿ, ಅಂಗಡಿಯ ಉದ್ರಿ ಎಲ್ಲ ಅವರಿಗೆ ಗೊತ್ತು. ನಾನು ಪುಸ್ತಕದಲ್ಲಿ ಓದಿದ್ದೆ.

ನಮ್ಮ ಎರೆಹೊಲದ ಜನ ಸಾವಯವ ಅಂದರೆ ಏನೆಂದು ತಿಳಿಯದೆ ದೂರ ನಿಂತಿಲ್ಲ. ಹತ್ತಿ ಬಲ್ಲವರಾದ್ದರಿಂದಲೇ ಅವರು ನಂಬುವುದಿಲ್ಲ. ಪಟ್ಟಣದ ಗಿರಾಕಿಗೂ ನಮ್ಮ ಗಿರಾಕಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಇದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ನನಗೆ ದಾರಿ ಮಾಡಿಕೊಟ್ಟದ್ದು ಅಂಥ ಹಿರಿಯರ ನೆನಪುಗಳೇ. ವರಲಕ್ಷ್ಮಿ ಹೈಬ್ರಿಡ್ 1972ರಲ್ಲಿ ಧಾರವಾಡದಿಂದ ಹೊರಬಂತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಅದಕ್ಕೂ ಹಿಂದೆ ಜಯಧರದಂಥ ಜವಾರಿ ಹತ್ತಿ ಮಳೆಯ ನೀರಿನಲ್ಲೇ ಬರುತ್ತಿತ್ತು. ರಸ ಹೀರುವ ಹುಳಗಳನ್ನೂ ಬರವನ್ನೂ ತಡೆದುಕೊಳ್ಳುತ್ತಿತ್ತು. ಇಳುವರಿ ಕಡಿಮೆ, ಎಳೆ ಗಿಡ್ಡ. ಉದ್ದ ಎಳೆಗೆ ಹೊಂದಿಸಿದ ಗಿರಣಿಗಳು ಅದಕ್ಕೆ ಒಳ್ಳೆಯ ದರ ಕೊಡಲಿಲ್ಲ, ಹಾಗಾಗಿ ಹೊಲದಿಂದ ಸರಿಯಿತು. ಈಗ ಮಾತು ಶುರು ಮಾಡುವುದೇ ಅಲ್ಲಿಂದ. 'ನಿಮ್ಮ ಹೊಲದಾಗ ಜವಾರಿ ಹತ್ತಿ ಇತ್ತೇನ್ರಿ ಕಾಕಾ?' ಎಂದು ಕೇಳಿದರೆ ಅವರೇ ಕಥೆ ಹೇಳುತ್ತಾರೆ, ಎಣ್ಣಿ ಇಲ್ಲದೆ ಹತ್ತಿ ಬರುತ್ತಿದ್ದುದನ್ನು ಪಕ್ಕದವರಿಗೆ ಅವರೇ ವಿವರಿಸುತ್ತಾರೆ. ನಾನು ಸೇರಿಸುವುದು ಒಂದು ಮಾತು: ಸಾವಯವ ಪ್ರಮಾಣಪತ್ರದ ಹತ್ತಿಯಲ್ಲಿ ಬಿಟಿ ಬೀಜ ನಡೆಯುವುದಿಲ್ಲ. ಗುಲಾಬಿ ಹುಳದ, ಅಂದರೆ ಗುಲಾಬಿ ಕಾಯಿಕೊರಕದ, ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ. ಇಳುವರಿ ಕಡಿಮೆಯಾಗಬಹುದು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ.

3. ಪಾಲಿಸ್ಟರ್ ಉಡುವವರಿಗೆ ಅವರದೇ ಕಾರಣಗಳಿವೆ

ಕಳೆ ತೆಗೆಯುವ ಕೆಲಸ ಮುಗಿಸಿ ಸಂತೆಗೆ ಬಂದಿದ್ದ ಒಬ್ಬ ಅಕ್ಕ ನನ್ನ ಬಟ್ಟೆಯ ಚುಂಗನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದರು. ಬಿಚ್ಚಿದಾಗ ಬಟ್ಟೆಯ ತುಂಬ ಸುಕ್ಕು. ಆಮೇಲೆ ತಮ್ಮ ಸೀರೆಯ ಸೆರಗನ್ನು ಅದೇ ಮುಷ್ಟಿಯಲ್ಲಿ ಹಿಂಡಿ ಬಿಟ್ಟರು. ಒಂದು ಗೆರೆಯೂ ಬೀಳಲಿಲ್ಲ. 'ನಿಂದು ಒಗ್ಯಾಕ ಎಷ್ಟ ಕೊಡಾ ನೀರ ಬೇಕೋ ಯಪ್ಪಾ? ಮಳಿಗಾಲದಾಗ ಯಾವಾಗ ಒಣಗಬೇಕು?' ಎಂದರು. ಬೈಗುಳದ ದನಿ ಅದಲ್ಲ. ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದ್ದರು.

ಅಲ್ಲಿವರೆಗೆ ನಾನು ಸಿಂಥೆಟಿಕ್ ಸೀರೆ ಉಡುವುದನ್ನು ತಿಳಿವಳಿಕೆಯ ಕೊರತೆ ಎಂದುಕೊಂಡಿದ್ದೆ. ಅರಿವು ಮೂಡಿಸಿದರೆ ಬದಲಾಗುತ್ತಾರೆ ಎಂದು ಕರಪತ್ರವನ್ನೂ ಅಚ್ಚು ಹಾಕಿಸಿದ್ದೆ. ಆ ಕರಪತ್ರ ಬರೆದವನಿಗೇ ಅರಿವು ಕಡಿಮೆ ಇತ್ತು. ಬೇಸಿಗೆಯಲ್ಲಿ ನೀರಿಗಾಗಿ ಟ್ಯಾಂಕರ್ ಕಾಯುವ ಊರಲ್ಲಿ ಬಟ್ಟೆ ಎಷ್ಟು ನೀರು ಕೇಳುತ್ತದೆ ಎಂಬುದು ದೊಡ್ಡ ಪ್ರಶ್ನೆ. ಎರೆಮಣ್ಣಿನ ಕಲೆ ಹತ್ತಿಯ ಎಳೆಯೊಳಗೆ ಇಳಿದು ಕೂರುತ್ತದೆ, ಪಾಲಿಸ್ಟರಿನಿಂದ ಬೇಗ ಹೋಗುತ್ತದೆ. ಕೂಲಿಗೆ ಹೋಗುವವರಿಗೆ ಇಸ್ತ್ರಿಗೂ ಗಂಜಿಗೂ ಹೊತ್ತಿಲ್ಲ. ಬೆಲೆಯ ಮಾತು ಬೇರೆ ಹೇಳಬೇಕಾಗಿಲ್ಲ.

ಹತ್ತಿಯ ಸುಖ ಅವರಿಗೆ ಗೊತ್ತಿಲ್ಲವೆಂದೂ ಅಲ್ಲ. ಬಿಸಿಲಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ಹಳೆಯ ತುಂಬುದೋಳಿನ ಹತ್ತಿ ಅಂಗಿ ಹಾಕಿಕೊಳ್ಳುವುದನ್ನು ನಮ್ಮ ಹೊಲಗಳಲ್ಲಿ ಯಾರಾದರೂ ನೋಡಬಹುದು. ಮೈಗೆ ಹತ್ತುವ ಕಡೆ ಹತ್ತಿ, ಜನ ನೋಡುವ ಕಡೆ ಹೊಳೆಯುವ ಬಟ್ಟೆ, ಹೀಗೆ ಅವರು ಆಗಲೇ ಪಾಲು ಮಾಡಿಕೊಂಡಿದ್ದಾರೆ. ಇದು ಕಣ್ಣಿಗೆ ಬಿದ್ದ ಮೇಲೆ ಸೀರೆ ಮಾರುವ ಹಟ ಬಿಟ್ಟು, ಸೀರೆಯೊಳಗಿನ ಲಂಗ ಹೊಲಿಸಲು ಶುರು ಮಾಡಿದೆ. ಸೊಂಟದ ಪಟ್ಟಿ ಅಗಲ, ಲಾಡಿ ಗಟ್ಟಿ, ಬಣ್ಣ ಹಾಕದ ಹತ್ತಿ. ಲಾಡಿ ಬಿಗಿದ ಕಡೆ ಕಡಿತ ಏಳುತ್ತದೆಂದು ಹೇಳುತ್ತಿದ್ದವರೇ ಅದನ್ನು ಮೊದಲು ಕೊಂಡರು. ನನ್ನ ಮೇಜಿನ ಮೇಲೆ ಇವತ್ತು ಹೆಚ್ಚು ಮಾತು ಬೇಡದೆ ಹೋಗುವ ಸರಕು ಅದೇ.

4. ಕಾಗದ ಕೇಳಿದವರ ಮೇಲೆ ಸಿಟ್ಟಾಗಬೇಡಿ

ಇಂಡಿಯಲ್ಲಿ ಒಬ್ಬ ಶಿಕ್ಷಕಿ, 'ಸಾವಯವ ಅಂತ ಬರದೀರಿ, ಕಾಗದ ತೋರಸ್ರಿ' ಎಂದರು. ಒಳಗೊಳಗೆ ಸಿಟ್ಟು ಬಂತು. ಆದರೂ ಬಟ್ಟೆ ಕೊಟ್ಟವರಿಂದ ಪ್ರಮಾಣಪತ್ರದ ಝೆರಾಕ್ಸ್ ತರಿಸಿ ತೋರಿಸಿದೆ. ಅವರು ಅದನ್ನು ಓದಿ, ಇದರಲ್ಲಿ ಕಂಪನಿಯ ಹೆಸರಿದೆ, ಈ ಬಟ್ಟೆಯ ಹೆಸರೆಲ್ಲಿದೆ ಎಂದರು. ಅವರು ಕೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು.

ಜವಳಿಯಲ್ಲಿ ಎರಡು ಬಗೆಯ ಕಾಗದಗಳಿವೆ. ಸ್ಕೋಪ್ ಸರ್ಟಿಫಿಕೇಟ್ ಅಂದರೆ ಈ ಘಟಕ ಸಾವಯವ ಸರಕು ತಯಾರಿಸಲು ಅರ್ಹ ಎಂಬುದಷ್ಟೇ. ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಇರುವುದು ಒಂದೊಂದು ಮಾರಾಟದ ಸರಕಿಗೆ. ಎರಡನೆಯದು ಇಲ್ಲದಿದ್ದರೆ ನಮ್ಮ ಕೈಯಲ್ಲಿರುವ ಥಾನಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್, ಅಂದರೆ ಗಾಟ್ಸ್ ನಿಯಮದಲ್ಲಿ 'ಆರ್ಗ್ಯಾನಿಕ್' ಎಂಬ ಚೀಟಿಗೆ ಶೇ. 95ರಷ್ಟು ಸಾವಯವ ನಾರು ಇರಬೇಕು. 'ಮೇಡ್ ವಿತ್ ಆರ್ಗ್ಯಾನಿಕ್' ಎಂಬುದಕ್ಕೆ ಶೇ. 70 ಸಾಕು. ಕಾಗದವಿದ್ದರೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2020ರ ಅಕ್ಟೋಬರಿನಲ್ಲಿ ಗಾಟ್ಸ್ ಸಂಸ್ಥೆಯೇ ಭಾರತದಲ್ಲಿ ನಕಲಿ ದಾಖಲೆಗಳ ಜಾಲವೊಂದನ್ನು ಬಯಲಿಗೆ ತಂದಿತು. ಸುಮಾರು 20,000 ಟನ್ ಹತ್ತಿ ಸಾವಯವದ ಹೆಸರಿನಲ್ಲಿ ಸಾಗಿತ್ತು. 11 ಕಂಪನಿಗಳನ್ನು ನಿಷೇಧಿಸಿದರು.

ಇನ್ನೊಂದು ಗೊಂದಲವನ್ನು ನಾನೇ ಹರಡಿದ್ದೆ. ಕೈಮಗ್ಗ, ಖಾದಿ, ಸಾವಯವ, ನೈಸರ್ಗಿಕ ಬಣ್ಣ ನಾಲ್ಕನ್ನೂ ಒಂದೇ ಉಸಿರಲ್ಲಿ ಹೇಳುತ್ತಿದ್ದೆ. ನಾಲ್ಕೂ ಬೇರೆಬೇರೆ. ಖಾದಿ ಅಂದರೆ ಕೈಯಿಂದ ನೂತು ಕೈಯಿಂದ ನೇಯ್ದದ್ದು; ಅದರ ಹತ್ತಿ ಬಿಟಿಯೂ ಇರಬಹುದು. ಇಳಕಲ್ ಸೀರೆ ಕೈಮಗ್ಗದ ಹೆಮ್ಮೆ, ಆದರೆ ಅದರ ದಡಿಯಲ್ಲಿ ಕೃತಕ ರೇಶ್ಮೆ ಇರುವುದೂ ಉಂಟು. ಗಾಟ್ಸ್ ಬಟ್ಟೆಗೆ ಷರತ್ತುಗಳಿಗೆ ಒಳಪಟ್ಟ ರಾಸಾಯನಿಕ ಬಣ್ಣವೂ ನಡೆಯುತ್ತದೆ. ಈಗ ನನ್ನ ಚೀಟಿಯಲ್ಲಿ ಹತ್ತಿ ಯಾವುದು, ನೂತದ್ದು ಎಲ್ಲಿ, ನೇಯ್ದದ್ದು ಹೇಗೆ, ಬಣ್ಣ ಯಾವುದು ಎಂದು ನಾಲ್ಕು ಸಾಲು ಬೇರೆಬೇರೆ ಇರುತ್ತವೆ. ಗೊತ್ತಿಲ್ಲದ ಕಡೆ 'ಖಾತ್ರಿ ಇಲ್ಲ' ಎಂದು ಬರೆಯುತ್ತೇನೆ. ಆ ಮಾತು ಇರುವ ಬಟ್ಟೆಯನ್ನೂ ಜನ ಕೊಳ್ಳುತ್ತಾರೆ. ಉಳಿದ ಮೂರು ಸಾಲನ್ನು ಅವರು ನಂಬುವುದು ಆ ಒಂದು ಸಾಲಿನಿಂದ ಎಂದು ನನಗೆ ಅನಿಸಿದೆ.

5. ನಮ್ಮ ನೀರಲ್ಲಿ ಒಗೆದು ನೋಡಿ ಮಾರಿ

ದಾಳಿಂಬೆ ಸಿಪ್ಪೆಯ ಹಳದಿ ಬಣ್ಣದ ಟಾವೆಲ್ಲುಗಳನ್ನು ಬಹಳ ಪ್ರೀತಿಯಿಂದ ತರಿಸಿದ್ದೆ. ದಾಳಿಂಬೆ ನಮ್ಮದೇ ಬೆಳೆ, ಬಣ್ಣವೂ ನಮ್ಮದೇ ಎಂದು ಹೇಳಿಕೊಳ್ಳಬಹುದಿತ್ತು. ಗಿರಾಕಿಯೊಬ್ಬರು ವಾಪಸು ತಂದು ತೋರಿಸಿದಾಗ ಹಳದಿ ಹೋಗಿ ಪಾಚಿ ಕಂದು ಬಣ್ಣಕ್ಕೆ ತಿರುಗಿತ್ತು. ಸಿಪ್ಪೆಯಲ್ಲಿರುವ ಒಗರಿನ ಅಂಶಕ್ಕೆ ಕಬ್ಬಿಣ ತಾಕಿದರೆ ಬಣ್ಣ ಕಪ್ಪಾಗುತ್ತದೆ. ಬೋರಿನ ನೀರಿನಲ್ಲೋ ತುಕ್ಕು ಹಿಡಿದ ಬಕೇಟಿನಲ್ಲೋ ಅದು ಸಿಕ್ಕೇ ಸಿಗುತ್ತದೆ. ಬಣ್ಣ ಹಾಕಿದವರು ಬೇರೆ ಊರಿನ ಸಿಹಿನೀರಿನಲ್ಲಿ ಪರೀಕ್ಷೆ ಮಾಡಿದ್ದರು.

ನೀಲಿಯ ಕಥೆ ಇನ್ನೂ ಕೆಟ್ಟದ್ದು. ನೀಲಿ ಎಳೆಯ ಮೇಲೆ ಪದರವಾಗಿ ಕೂರುವ ಬಣ್ಣ, ಸರಿಯಾಗಿ ತೊಳೆಯದಿದ್ದರೆ ಉಜ್ಜಿದ ಕಡೆ ಬಿಡುತ್ತದೆ. ಹಿರಿಯರೊಬ್ಬರ ಬಿಳಿ ಧೋತ್ರದ ಜೊತೆ ನನ್ನ ನೀಲಿ ಬಟ್ಟೆಯನ್ನೂ ಒಂದೇ ಟಬ್ಬಿನಲ್ಲಿ ನೆನೆಹಾಕಿದ್ದರು. ಧೋತ್ರದ ದುಡ್ಡು ಕೊಟ್ಟೆ. ಆದರೆ 'ಬಣ್ಣ ಬಿಡೂ ಅರಿವಿ' ಎಂಬ ಹೆಸರು ಆ ಓಣಿಯಲ್ಲಿ ಉಳಿಯಿತು. ಒಳ್ಳೆಯ ಮಾತು ಹತ್ತು ಮನೆ ಮುಟ್ಟುವ ಹೊತ್ತಿಗೆ ಇಂಥದ್ದು ಇಡೀ ಊರು ಸುತ್ತಿರುತ್ತದೆ.

ಈಗ ಹೊಸ ಬಣ್ಣ ಬಂದರೆ ಒಂದು ತುಂಡನ್ನು ನಮ್ಮ ಸವಳು ನೀರಲ್ಲಿ ಅಗ್ಗದ ಪೌಡರಿನಿಂದ ಒಗೆದು, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕುತ್ತೇವೆ. ಹಾಗೆ ಒಗೆದ ತುಂಡನ್ನು ಹೊಸ ಬಟ್ಟೆಯ ಪಕ್ಕದಲ್ಲೇ ಮೇಜಿನ ಮೇಲೆ ಇಡುತ್ತೇನೆ. ಮಾಸಿದ್ದನ್ನು ಮೊದಲೇ ನೋಡಿ ಕೊಂಡವರು ಆಮೇಲೆ ಜಗಳಕ್ಕೆ ಬಂದಿಲ್ಲ.

6. ಬೆಲೆಯ ಲೆಕ್ಕ ಬಿಚ್ಚಿಡಿ

'ಇಷ್ಟ ಯಾಕ್ರಿ?' ಎಂಬ ಪ್ರಶ್ನೆಗೆ ನಾನು ವರ್ಷಗಟ್ಟಲೆ 'ಸಾವಯವ ಅದರಿ, ಅದಕ್ಕ' ಎನ್ನುತ್ತಿದ್ದೆ. ಒಂದು ದಿನ ಕೂತು ಲೆಕ್ಕ ಹಾಕಿದಾಗ ಅದು ತಪ್ಪು ಉತ್ತರ ಎಂದು ತಿಳಿಯಿತು.

ಒಂದು ಅಂಗಿಗೆ ಸುಮಾರು ಕಾಲು ಕಿಲೋ ಅರಳೆ ಬೇಕು ಅನ್ನಿ. ಬೀಜ ಸಹಿತ ಹತ್ತಿಯ ತೂಕದಲ್ಲಿ ಅರಳೆ ಸುಮಾರು ಮೂರರಲ್ಲಿ ಒಂದು ಪಾಲು. ಅಂದರೆ ಮುಕ್ಕಾಲು ಕಿಲೋ ಹತ್ತಿ. 2024-25ರಲ್ಲಿ ಉದ್ದ ಎಳೆಯ ಹತ್ತಿಗೆ ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 7,521 ರೂಪಾಯಿ ಇತ್ತು, ಕಿಲೋಗೆ 75. ಹಾಗಾದರೆ ಆ ಬೆಲೆಯಲ್ಲಿ ಒಂದು ಅಂಗಿಯಲ್ಲಿ ರೈತನ ಪಾಲು ಸುಮಾರು 56 ರೂಪಾಯಿ. ಸಾವಯವಕ್ಕೆಂದು ಅವನಿಗೆ ಶೇ. 20 ಹೆಚ್ಚು ಕೊಟ್ಟರೂ ಅಂಗಿಯ ಮೇಲೆ ಬೀಳುವುದು 11 ರೂಪಾಯಿ. ನನ್ನ ಅಂಗಿ ಬಟ್ಟೆಗೂ ಚಡಚಣದ ಅಂಗಿ ಬಟ್ಟೆಗೂ ಇದ್ದ ಅಂತರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆ ಹಣ ಹೋಗುತ್ತಿದ್ದುದು ಕೈಮಗ್ಗದ ಕೂಲಿಗೆ, ಸಣ್ಣ ಪ್ರಮಾಣದಲ್ಲಿ ನೂಲು ತರಿಸುವ ಖರ್ಚಿಗೆ, ಸಾಗಾಣಿಕೆಗೆ, ಪ್ರಮಾಣಪತ್ರಕ್ಕೆ, ಮಾರಾಟವಾಗದೆ ಉಳಿದ ಬಟ್ಟೆಯ ನಷ್ಟಕ್ಕೆ.

ಈ ಲೆಕ್ಕವನ್ನು ಒಂದು ಹಲಗೆಯ ಮೇಲೆ ಬರೆದು ನಿಲ್ಲಿಸಿದೆ. ಹತ್ತಿ ಬೆಳೆದವರೆಲ್ಲ ನಿಂತು ಓದಿದರು. 'ನಮ್ಮದು ಬರೇ ಐವತ್ತಾರೇನು?' ಎಂದು ಮರುಗಿದವರಿದ್ದಾರೆ. ನೇಕಾರರ ಕೂಲಿ ಓದಿ, ಇದು ಸರಿ, ಇದು ಕೊಡಬೇಕು ಎಂದವರೂ ಇದ್ದಾರೆ. ಚೌಕಾಸಿ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ನಾನು ಮೋಸ ಮಾಡುತ್ತಿದ್ದೇನೆ ಎಂಬ ಗುಮಾನಿ ಹೋಯಿತು. ಉಳಿದ ಬಟ್ಟೆಯ ನಷ್ಟವನ್ನು ಗಿರಾಕಿಯ ತಲೆಗೆ ಹಾಕುತ್ತಿದ್ದೇನಲ್ಲ ಎಂಬ ಸಂಕಟ ನನಗೇ ಶುರುವಾಯಿತು. ಬೆಲೆ ಇಳಿಸಲು ಅಲ್ಲಿಂದಲೇ ಕೈಹಚ್ಚಿದೆ.

7. ಕೊಳ್ಳುವವರು ಒಬ್ಬರು, ಉಡುವವರು ಇನ್ನೊಬ್ಬರು

ನಮ್ಮ ಕಡೆ ಅರ್ಧಕ್ಕರ್ಧ ಬಟ್ಟೆ ಕೊಳ್ಳುವುದು ಬೇರೆಯವರಿಗೆ ಕೊಡಲು. ಮದುವೆಯ ಆಯೇರಿ, ಪಂಚಮಿಗೆ ಬಂದ ತಂಗಿಗೆ ಸೀರೆ, ಬೀಗರಿಗೆ ಟಾವೆಲ್ಲು ಟೊಪ್ಪಿಗೆ. ಹಲಸಂಗಿ ಗೆಳೆಯರು ಸಂಗ್ರಹಿಸಿಕೊಟ್ಟಂಥ ಹೆಣ್ಣುಮಕ್ಕಳ ಹಾಡಿನ ಲೋಕದಲ್ಲೂ ಸೀರೆ ಕುಬಸಗಳು ಬರುವುದು ಬಹುಮಟ್ಟಿಗೆ ತವರಿನಿಂದಲೇ. ಆಯೇರಿಯ ಬಟ್ಟೆಯಲ್ಲಿ ನೋಡುವುದು ಎಣಿಕೆಯನ್ನು, ಹೊಳಪನ್ನು. ಆರೋಗ್ಯದ ಮಾತು ಅಲ್ಲಿ ನಡೆಯುವುದಿಲ್ಲ. ಬಸ್ತಾದ ಪಟ್ಟಿಯಲ್ಲಿ ನನ್ನ ಟಾವೆಲ್ಲು ಸೇರಿಸಲು ಎಷ್ಟೋ ಮನೆಗಳ ಬಾಗಿಲಿಗೆ ಹೋದೆ, ಸೇರಲಿಲ್ಲ.

ತೊಟ್ಟಿಲ ಕಾರ್ಯ ಮಾತ್ರ ಬೇರೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಅಜ್ಜನ ಹಳೆಯ ಧೋತ್ರವನ್ನೇ ಹರಿದು ಸುತ್ತಬೇಕು ಎಂದು ನಮ್ಮ ಆಯಿಗಳು ಹೇಳಿಕೊಂಡೇ ಬಂದಿದ್ದಾರೆ. ಹತ್ತಾರು ಸಲ ಒಗೆದು ಮೆತ್ತಗಾದ, ಗಂಜಿಯೂ ಬಣ್ಣವೂ ಬಿಟ್ಟುಹೋದ ಹತ್ತಿ ಅದು. ಸಾವಯವ ಬಟ್ಟೆಯಿಂದ ನಾವು ಬಯಸುವುದನ್ನು ಅವರು ಹಣ ಕೊಡದೆಯೇ ಪಡೆದಿದ್ದರು. ಅದರೊಂದಿಗೆ ಪೈಪೋಟಿ ಮಾಡಲು ಹೋಗಿ ಸೋತೆ. ಆಮೇಲೆ ಒಬ್ಬ ಆಯಿಯನ್ನೇ ಕರೆದು ಕುಂಚಿಗೆಯ ಬಟ್ಟೆ ಆರಿಸಲು ಹೇಳಿದೆ. ಅವರು ಅಂಗೈಯಿಂದ ಮುಟ್ಟಲಿಲ್ಲ, ಬಟ್ಟೆಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿದರು. ಎರಡನ್ನು ಬದಿಗಿಟ್ಟು ಮೂರನೆಯದನ್ನು ತೋರಿಸಿ, 'ಇದನ್ನ ನಾಕ್ ಸಲ ಒಗದ ಕೊಡು' ಎಂದರು. ಒಗೆದೇ ಕೊಟ್ಟೆವು, ಹೊಲಿಗೆಯ ಅಂಚು ಹೊರಗೆ ಬರುವಂತೆ ಹೊಲಿಸಿದೆವು. ಧೋತ್ರದ ಮೇಲೆ ತೊಡಿಸಲು, ತೊಟ್ಟಿಲಿಗೆ ಬಂದ ಅತ್ತೆಯಂದಿರು ಮೆಚ್ಚಿ ಕೊಡಲು ಅದು ಸಲ್ಲುತ್ತದೆ. ಒಂದು ಮನೆಗೆ ಹೋದ ಕುಂಚಿಗೆ ಆ ಓಣಿಯ ಮುಂದಿನ ಬಾಣಂತಿಯ ಮನೆಗೂ ಹೋಗುವುದನ್ನು ನೋಡಿದ್ದೇನೆ.

8. ಮೆಚ್ಚುಗೆಯನ್ನು ನಂಬಿ ದಾಸ್ತಾನು ಮಾಡಬೇಡಿ

ಸಾಗರ ತಾಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯನ್ನು ನೋಡಿಯೇ ನನ್ನಂಥವರು ಈ ಕೆಲಸಕ್ಕೆ ಬಂದದ್ದು. ರಂಗಕರ್ಮಿ ಪ್ರಸನ್ನ ಕಟ್ಟಿದ, ಹಳ್ಳಿಯ ಹೆಣ್ಣುಮಕ್ಕಳು ನಡೆಸುವ ಆ ಸಂಘದ ನೈಸರ್ಗಿಕ ಬಣ್ಣದ ಬಟ್ಟೆ 'ದೇಸಿ' ಹೆಸರಿನ ಅಂಗಡಿಗಳ ಮೂಲಕ ನಾಡಿನ ತುಂಬ ಹೆಸರಾಯಿತು. ಕೊರೊನಾ ಬಂದ 2020ರಲ್ಲಿ ಅದೇ ಚರಕ ತಾನು ದಿವಾಳಿ ಎಂದು ಘೋಷಿಸಿಕೊಳ್ಳಬೇಕಾಯಿತು. ಅಷ್ಟು ಪ್ರೀತಿ ಗಳಿಸಿದವರಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಅವತ್ತು ನಿದ್ದೆ ಬರಲಿಲ್ಲ. ರಾಷ್ಟ್ರಧ್ವಜದ ಸಂಗತಿಯೂ ಹಾಗೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಧ್ವಜಕ್ಕೆ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಖಾದಿ ಹೋಗುತ್ತದೆ. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿ ಪಾಲಿಸ್ಟರ್ ಧ್ವಜಕ್ಕೂ ದಾರಿ ಬಿಟ್ಟಿತು. ಖಾದಿ ಧ್ವಜದ ಮೇಲಿನ ಗೌರವ ಯಾರಲ್ಲೂ ಕಡಿಮೆಯಾಗಲಿಲ್ಲ, ಆದರೆ ಮರುವರ್ಷದ ಆಗಸ್ಟಿನಲ್ಲಿ ಮನೆಮನೆಯ ಮೇಲೆ ಹಾರಿದ್ದರಲ್ಲಿ ಪಾಲಿಸ್ಟರ್ ಬಹಳ ಇತ್ತು.

ನನ್ನ ಮಟ್ಟಿಗೆ ನಾನು ಮಾಡಿಕೊಂಡ ಬದಲಾವಣೆ ಸಣ್ಣದು. ಅಂಗಿ ಬಟ್ಟೆಯನ್ನು ಈಗ ಮುಂಗಡ ಪಡೆದೇ ನೇಯಿಸುತ್ತೇನೆ. ತೊಗರಿ, ಹತ್ತಿಯ ರೊಕ್ಕ ಕೈಗೆ ಬರುವ ದಿನಗಳಲ್ಲಿ ಮಾದರಿ ತುಂಡುಗಳನ್ನು ಮಾತ್ರ ಹಿಡಿದು ಊರೂರಿಗೆ ಹೋಗುತ್ತೇನೆ. ಐವತ್ತು ರೂಪಾಯಿ ಕೊಟ್ಟು ಹೆಸರು ಬರೆಸಿದರೂ ಸಾಕು. ಹಾಗೆ ಬರೆಸುವವರು ನೋಟ್‌ಬುಕ್ಕಿನ ಕಾಲಕ್ಕಿಂತ ಬಹಳ ಕಡಿಮೆ, ಆದರೆ ಬರೆಸಿದ ಮೇಲೆ ಬಟ್ಟೆ ಒಯ್ಯದೆ ಬಿಟ್ಟವರು ಅಪರೂಪ. ಉಗ್ರಾಣದಲ್ಲಿ ಮುಗ್ಗುವ ಬಟ್ಟೆ ಇಲ್ಲವಾದ್ದರಿಂದ ಮೀಟರಿನ ಬೆಲೆಯನ್ನೂ ಸ್ವಲ್ಪ ಇಳಿಸಲು ಸಾಧ್ಯವಾಗಿದೆ.